ಗ್ಯಾಸ್ ಸ್ಟೇಷನ್ ಅಂಗಡಿಯಲ್ಲಿ 20–30 ಡಾಲರ್ ಸ್ಕ್ರ್ಯಾಚ್ ಟಿಕೆಟ್ ಜಾಸ್ತಿ ಇಡಬೇಕಾ? ಅನುಭವ ಇರುವವರು ಹೇಳಿ

ಕೌಂಟರ್_ಗೌಡ:
ಎಲ್ಲರಿಗೂ ನಮಸ್ಕಾರ. ಜಾರ್ಜಿಯಾದಲ್ಲಿ, ಅಟ್ಲಾಂಟದಿಂದ ಸ್ವಲ್ಪ ಆಚೆ, ನನ್ನ ಭಾವ ಮತ್ತು ನಾನು ಸೇರಿ ಒಂದು ಗ್ಯಾಸ್ ಸ್ಟೇಷನ್ ಅಂಗಡಿ ನಡೆಸುತ್ತಿದ್ದೇವೆ. ಕೌಂಟರ್ ಮೇಲೆ ಸ್ಕ್ರ್ಯಾಚ್ ಟಿಕೆಟ್‌ಗೆ (ಲೇಪನ ಕೆರೆದು ಬಹುಮಾನ ನೋಡುವ ಲಾಟರಿ ಟಿಕೆಟ್) ಅಂತ 24 ಗಾಜಿನ ಡಬ್ಬಿ ಇವೆ. ಇದುವರೆಗೆ 1, 2, 3, 5 ಡಾಲರ್‌ನವೇ ಜಾಸ್ತಿ, ಮೇಲಿನ ಸಾಲಿನಲ್ಲಿ 10 ಮತ್ತು ಒಂದೆರಡು 20.

ಕಳೆದ ವಾರ ಲಾಟರಿಯ ಸೇಲ್ಸ್ ರೆಪ್ ಬಂದಿದ್ದರು. 24 ಡಬ್ಬಿ ಸಾಲದು, 40 ಮಾಡಿ ಅಂದರು. ಒಂದು ಡಾಲರ್‌ನವು ಎರಡೇ ಡಬ್ಬಿ ಇರಲಿ, ಅವೂ ಕೆಳಗೆ. ಕಣ್ಣಿನ ಮಟ್ಟಕ್ಕೆ 20 ಮತ್ತು 30. "ಈಗ ವ್ಯಾಪಾರ ಇರೋದೇ ಅಲ್ಲಿ" ಅಂತ. ಭಾವ ಕುಣಿಯುತ್ತಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ನಮಗೆ ಸಿಗುವುದು ಶೇ 6 ಕಮಿಷನ್. ದುಬಾರಿ ಟಿಕೆಟ್ ಅಂದರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಕಳ್ಳತನದ ಭಯ ಬೇರೆ. ನಿಮ್ಮ ಕಡೆ ಏನು ಓಡುತ್ತಿದೆ?

ಬಾಸ್ಟನ್_ಬಸಣ್ಣ:
ಶೇ 6 ಅಂತ ಅಳುತ್ತಿದ್ದೀರಾ ಗೌಡರೇ? ನಮಗೆ ಮ್ಯಾಸಚೂಸೆಟ್ಸ್‌ನಲ್ಲಿ ಶೇ 5. ಗೆದ್ದ ಟಿಕೆಟ್‌ಗೆ ನಾವು ದುಡ್ಡು ಎಣಿಸಿ ಕೊಟ್ಟರೆ ಅದರ ಮೇಲೆ ಇನ್ನೊಂದು ಶೇ 1. ಅಷ್ಟೇ.

ಆದರೆ ರೆಪ್ ಹೇಳಿದ್ದು ಸುಳ್ಳಲ್ಲ. ಈ ಸ್ಕ್ರ್ಯಾಚ್ ಟಿಕೆಟ್ ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ, 1974ರಲ್ಲಿ. ಇವತ್ತಿಗೂ ನಮ್ಮ ಲಾಟರಿ ವ್ಯಾಪಾರದಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ಇದರದ್ದೇ. ಒಟ್ಟು ವ್ಯಾಪಾರ ವರ್ಷಕ್ಕೆ 6 ಬಿಲಿಯನ್ ಡಾಲರ್ ದಾಟಿದೆ. 2023ರಲ್ಲಿ 50 ಡಾಲರ್ ಟಿಕೆಟ್ ಬಂತು. ಯಾರು ತಗೋತಾರೆ ಅಂತ ನಾನೂ ನಕ್ಕಿದ್ದೆ. ಮೊದಲ ವಾರವೇ ಪ್ಯಾಕ್ ಖಾಲಿ. ಪೇಂಟ್ ಹತ್ತಿದ ಬೂಟು ಹಾಕಿಕೊಂಡು ಬರುವ ಕೂಲಿಯವರೇ ತಗೊಂಡಿದ್ದು, ಕೋಟು ಹಾಕಿದವರಲ್ಲ.

ಸುಮ್ನೆ_ಓದುಗ:
ಟಿಕೆಟ್ ಬಿಡಿ ಸಾರ್, ಅದೇ ಜಾಗದಲ್ಲಿ ಮದ್ದೂರು ವಡೆ ಇಡಿ.

ಡಾಲಸ್_ತಿಮ್ಮ:
50 ಡಾಲರ್ ಏನು ಮಹಾ! ನಮ್ಮ ಟೆಕ್ಸಸ್‌ನಲ್ಲಿ 2022ರಲ್ಲೇ 100 ಡಾಲರ್ ಟಿಕೆಟ್ ಬಿಟ್ಟರು. ಒಂದು ಕಾಗದದ ತುಂಡು, ನೂರು ಡಾಲರ್. ಮೇಲಿನ ಬಹುಮಾನ 20 ಮಿಲಿಯನ್. ನಮ್ಮ ಆಫೀಸಲ್ಲಿ ಹತ್ತು ಜನ ಸೇರಿ ಒಂದು ತಗೊಂಡರು. ಕೆರೆಯೋಕೆ ಯಾರು ಅಂತಲೇ ಜಗಳ.

ಬೆಂಗಳೂರು_ಬಾಬು:
ಬಂತಾ ಏನಾದರೂ?

ಡಾಲಸ್_ತಿಮ್ಮ:
ಹಾಕಿದ್ದಕ್ಕಿಂತ ಜಾಸ್ತಿ ಬಂದಿದ್ದರೆ ಇಲ್ಲಿ ಕೂತು ಬರೆಯುತ್ತಿದ್ದೆನಾ?

ಗಣಿತದ_ಮೇಷ್ಟ್ರು:
ಗೌಡರೇ, ಮೊದಲು ಗಿರಾಕಿಯ ಲೆಕ್ಕ ನೋಡಿ. ಸಾಮಾನ್ಯವಾಗಿ ಒಂದು ಡಾಲರ್ ಟಿಕೆಟ್‌ನಲ್ಲಿ ನೂರಕ್ಕೆ 60ರ ಆಸುಪಾಸು ಬಹುಮಾನವಾಗಿ ವಾಪಸ್ ಹೋಗುತ್ತದೆ. 20, 30 ಡಾಲರ್‌ನಲ್ಲಿ ನೂರಕ್ಕೆ 75ರಿಂದ 80. ನಂಬರ್ ಆರಿಸಿ ಡ್ರಾಗೆ ಕಾಯುವ ಪವರ್‌ಬಾಲ್‌ನಂಥ ಆಟದಲ್ಲಿ 50ರ ಸುತ್ತ. ಹಾಗಾಗಿ "ದುಬಾರಿ ಟಿಕೆಟ್ ತಗೊಂಡರೆ ಜಾಸ್ತಿ ಸಿಗುತ್ತೆ" ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ.

ಇನ್ನರ್ಧ ಇಲ್ಲಿದೆ. ಒಂದು ಡಾಲರ್ ಟಿಕೆಟ್‌ನಲ್ಲಿ ಸರಾಸರಿ ಕಳೆದುಕೊಳ್ಳುವುದು 40 ಸೆಂಟ್. 30 ಡಾಲರ್ ಟಿಕೆಟ್‌ನಲ್ಲಿ 6 ಡಾಲರ್‌ಗೂ ಜಾಸ್ತಿ. ಎರಡನ್ನೂ ಕೆರೆಯಲು ಹಿಡಿಯುವ ಹೊತ್ತು ಒಂದೇ, ಅರ್ಧ ನಿಮಿಷ. ಆ ಸರಾಸರಿಯಲ್ಲೂ ದೊಡ್ಡ ಪಾಲು ಯಾರಿಗೂ ಸಿಗದ ಮಿಲಿಯನ್ ಬಹುಮಾನದಲ್ಲಿ ಕೂತಿರುತ್ತದೆ. ಟಿಕೆಟ್ ಹಿಂದೆ "4ರಲ್ಲಿ 1 ಗೆಲ್ಲುತ್ತದೆ" ಅಂತ ಇರುತ್ತಲ್ಲ, ಅದರಲ್ಲಿ ಹಾಕಿದ ದುಡ್ಡಷ್ಟೇ ವಾಪಸ್ ಬರುವ ಟಿಕೆಟ್‌ಗಳೂ ಸೇರಿರುತ್ತವೆ. 30 ಕೊಟ್ಟು 30 ತಗೊಂಡರೆ ಅದೂ ಗೆಲುವೇ!

ಕೌಂಟರ್_ಗೌಡ:
ಮೇಷ್ಟ್ರೇ, ಆ 30 ಬಂದವರು ದುಡ್ಡು ಜೇಬಿಗೆ ಹಾಕಿಕೊಂಡು ಹೋಗುವುದನ್ನು ನಾನು ನೋಡಿಲ್ಲ. "ಇನ್ನೊಂದು ಕೊಡಿ" ಅಂತಾರೆ. ಗೆದ್ದ ಟಿಕೆಟ್ ಮೆಷಿನ್‌ಗೆ ತೋರಿಸುತ್ತೇವೆ, ಹೊಸ ಟಿಕೆಟ್ ಹರಿದು ಕೊಡುತ್ತೇವೆ, ನೋಟು ಕೈ ಬದಲಾಗುವುದೇ ಇಲ್ಲ.

ನ್ಯೂಜೆರ್ಸಿ_ನಾಗವೇಣಿ:
ಅದೇ ಮಾರಾಟದ ಗುಟ್ಟು. ಸಣ್ಣ ಬಹುಮಾನ ಬೇಕಂತಲೇ ಜಾಸ್ತಿ ಇಡುತ್ತಾರೆ. ಅದು ಮತ್ತೆ ಟಿಕೆಟ್ ಆಗಿ ಕೌಂಟರ್‌ಗೇ ವಾಪಸ್ ಬರುತ್ತದೆ ಅಂತ ಅವರಿಗೆ ಗೊತ್ತು.

ನಾನು ಪ್ಯಾಕೇಜಿಂಗ್ ಡಿಸೈನ್ ಕೆಲಸದಲ್ಲಿದ್ದೇನೆ. ಲಾಟರಿಯಲ್ಲಲ್ಲ, ಬಿಸ್ಕತ್ತು ಪೊಟ್ಟಣ. ಆದರೂ ಈ ಟಿಕೆಟ್‌ಗಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಒಂದೇ ಹೆಸರು, ಒಂದೇ ಚಿತ್ರ, ಅದನ್ನೇ 1, 2, 5, 10, 20 ಡಾಲರ್‌ನಲ್ಲಿ ಒಟ್ಟಿಗೆ ಬಿಡುತ್ತಾರೆ. ಒಂದರ ಮೇಲೆ 10 ಪಟ್ಟು, ಪಕ್ಕದ್ದರ ಮೇಲೆ 50 ಪಟ್ಟು, ಮೇಲಿನದ್ದರ ಮೇಲೆ 200 ಪಟ್ಟು. ಐದು ಡಾಲರ್ ಹಿಡಿದುಕೊಂಡು ಬಂದವನು "ಇನ್ನೈದು ಹಾಕಿದರೆ ಡಬಲ್ ಅಲ್ವಾ" ಅಂದುಕೊಳ್ಳಬೇಕು, ಅದಕ್ಕೇ. ಪದಬಂಧದ ಟಿಕೆಟ್ ಇನ್ನೊಂದು ಜಾಣತನ. ಅರ್ಧ ನಿಮಿಷಕ್ಕೆ ಮುಗಿಯಲ್ಲ, ಹತ್ತು ನಿಮಿಷ ಹಿಡಿಯುತ್ತದೆ. ದುಡ್ಡು ಹೋದರೂ ಆಟ ಆಡಿದೆ ಅಂತ ಸಮಾಧಾನ. ಸೋತ ಟಿಕೆಟ್‌ನ ನಂಬರ್ ಆ್ಯಪ್‌ಗೆ ಹಾಕಿದರೆ ಎರಡನೇ ಅವಕಾಶದ ಡ್ರಾ. ಅದರಿಂದ ಗಿರಾಕಿಯ ಈಮೇಲ್ ಅವರಿಗೆ ಸಿಗುತ್ತದೆ, ಯಾವ ಟಿಕೆಟ್ ಯಾರು ತಗೋತಾರೆ ಅಂತಲೂ ಗೊತ್ತಾಗುತ್ತದೆ.

ಮೊದಲಿನ ಟಿಕೆಟ್ ಮಾಡಿದ ಜಾನ್ ಕೋಜಾ ಮತ್ತು ಡೇನಿಯಲ್ ಬೋವರ್ ಇದ್ದಾರಲ್ಲ, ಅವರ ಕಂಪನಿಯೇ ಸೈಂಟಿಫಿಕ್ ಗೇಮ್ಸ್. ಕೋಜಾ ಅದಕ್ಕೂ ಮುಂಚೆ ಸೂಪರ್‌ಮಾರ್ಕೆಟ್ ಮತ್ತು ಪೆಟ್ರೋಲ್ ಬಂಕ್‌ಗಳು ಗಿರಾಕಿಗಳಿಗೆ ಪುಕ್ಕಟೆ ಹಂಚುವ ಬಹುಮಾನದ ಕಾರ್ಡ್‌ಗಳ ಮೇಲೆ ಕೆಲಸ ಮಾಡಿದ್ದರು. ಪುಕ್ಕಟೆ ಕೊಡುತ್ತಿದ್ದುದಕ್ಕೆ ಆಮೇಲೆ ಬೆಲೆ ಬಂತು ನೋಡಿ.

ಡಾಲಸ್_ತಿಮ್ಮ:
ಎರಡು ಒಂದೇ ಚಿತ್ರ ಬಂದು ಮೂರನೆಯದು ಕೈ ಕೊಡುವುದೂ ಡಿಸೈನೇ ಅಲ್ವಾ ಅಕ್ಕಾ? ಪ್ರತಿ ಸಲ "ಛೇ, ಸ್ವಲ್ಪದರಲ್ಲಿ ಹೋಯ್ತು" ಅನಿಸುತ್ತದೆ.

ನ್ಯೂಜೆರ್ಸಿ_ನಾಗವೇಣಿ:
ಹೌದು ಮಾರಾಯ. ಸ್ವಲ್ಪದರಲ್ಲಿ ಏನೂ ಹೋಗಿಲ್ಲ, ಪ್ರಿಂಟ್ ಆದಾಗಲೇ ಅದು ಸೋತ ಟಿಕೆಟ್.

ಆಲ್ಫರೆಟ್ಟಾ_ಅಮ್ಮ:
ಸೈಂಟಿಫಿಕ್ ಗೇಮ್ಸ್ ಇರುವುದು ಅಟ್ಲಾಂಟ ಹತ್ತಿರದ ನಮ್ಮ ಆಲ್ಫರೆಟ್ಟಾದಲ್ಲೇ. ಪ್ರಿಂಟ್ ಆಗುವುದೂ ಇಲ್ಲೇ.

ಎಲ್ಲರೂ ಬೈಯುತ್ತಿದ್ದೀರಿ, ಒಂದು ಒಳ್ಳೆ ಮಾತೂ ಇರಲಿ. ಜಾರ್ಜಿಯಾದಲ್ಲಿ ಲಾಟರಿ ಶುರುವಾಗಿದ್ದು 1993ರಲ್ಲಿ, ಗವರ್ನರ್ ಝೆಲ್ ಮಿಲ್ಲರ್ ಕಾಲದಲ್ಲಿ. ಲಾಭ ಪೂರ್ತಿ ಶಿಕ್ಷಣಕ್ಕೇ ಹೋಗಬೇಕು ಅಂತ ಕಾನೂನು. ಇದುವರೆಗೆ 25 ಬಿಲಿಯನ್ ಡಾಲರ್‌ಗೂ ಜಾಸ್ತಿ ಹೋಗಿದೆ. ಕಾಲೇಜು ಓದಿಗೆ ಕೊಡುವ ಹೋಪ್ ಸ್ಕಾಲರ್‌ಷಿಪ್, ಶಾಲೆಗೆ ಮುಂಚಿನ ಪುಟ್ಟ ಮಕ್ಕಳ ಪ್ರೀ-ಕೆ ಕ್ಲಾಸು, ಎರಡೂ ಈ ದುಡ್ಡಿಂದಲೇ. ನಮ್ಮ ಮಗಳು ಜಾರ್ಜಿಯಾ ಟೆಕ್‌ನಲ್ಲಿ ಕಾಲೇಜಿನ ಟ್ಯೂಷನ್ ಫೀಸ್ ಕೊಡದೆ ಓದಿದ್ದು ಇದರಿಂದ. ಗೌಡರೇ, ಸಂಕೋಚ ಬೇಡ, ಮಾರಿ.

ಹುಬ್ಬಳ್ಳಿ_ಹುಡುಗ:
ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆಲ್ಫರೆಟ್ಟಾ ಕಡೆ ಎಂಥ ದೊಡ್ಡ ಮನಿ ಅದಾವು ಅಂತ ನಮಗೂ ಗೊತ್ತೈತಿ. ನಿಮ್ಮ ಮಗಳ ಫೀಸ್ ಕಟ್ಟಿದವರು ಯಾರು ಅಂತ ಒಮ್ಮೆ ವಿಚಾರ ಮಾಡ್ರಿ. ಗೌಡ್ರ ಅಂಗಡ್ಯಾಗ ನಿಂತು ನಾಣ್ಯದಿಂದ ಕೆರೆಯೋ ಮನಷ್ಯಾ ಕಟ್ಟ್ಯಾನ.

ಆಲ್ಫರೆಟ್ಟಾ_ಅಮ್ಮ:
ನಮ್ಮ ಮಗಳು ಕಷ್ಟಪಟ್ಟು ಓದಿ ಮಾರ್ಕ್ಸ್ ತೆಗೆದಿದ್ದಾಳೆ. ಯಾರ ಹತ್ತಿರವೂ ಕಿತ್ತುಕೊಂಡಿಲ್ಲ.

ಗಣಿತದ_ಮೇಷ್ಟ್ರು:
ಮಗಳ ಮೇಲೆ ಯಾರದೂ ದೂರಿಲ್ಲಮ್ಮ. ವ್ಯವಸ್ಥೆ ಹಾಗಿದೆ. ಶುರುವಿನಲ್ಲಿ ಮನೆಯ ಆದಾಯ 66,000 ಡಾಲರ್ ದಾಟಿದರೆ ಹೋಪ್ ಇರಲಿಲ್ಲ. ಮರುವರ್ಷ ಅದನ್ನು ಒಂದು ಲಕ್ಷ ಮಾಡಿದರು. 1995ರಲ್ಲಿ ಮಿತಿಯನ್ನೇ ತೆಗೆದರು. ಈಗ ಮಾರ್ಕ್ಸ್ ಒಂದೇ ಲೆಕ್ಕ. ಟ್ಯೂಷನ್, ಒಳ್ಳೆ ಸ್ಕೂಲ್, ಓದಲು ಬೇರೆ ರೂಮ್ ಇರುವ ಮಕ್ಕಳಿಗೆ ಮಾರ್ಕ್ಸ್ ಸುಲಭ. ಟಿಕೆಟ್‌ಗೆ ತಮ್ಮ ಸಂಪಾದನೆಯಲ್ಲಿ ಜಾಸ್ತಿ ಪಾಲು ಹಾಕುವವರು ಕಮ್ಮಿ ಆದಾಯದವರು. ಹೋಪ್ ಬಗ್ಗೆ ಅಧ್ಯಯನ ಮಾಡಿದ ಅರ್ಥಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಹೇಳಿದ್ದಾರೆ. ಪ್ರೀ-ಕೆ ಮಾತ್ರ ಎಲ್ಲರ ಮಕ್ಕಳಿಗೂ ಸಿಗುತ್ತದೆ, ಅದನ್ನು ಒಪ್ಪುತ್ತೇನೆ.

ವೀಸಾ_ವಿಠಲ:
ನನ್ನ ಮಗ ಒಂದನೇ ಕ್ಲಾಸಿನಿಂದ ಜಾರ್ಜಿಯಾದಲ್ಲೇ ಓದಿದ್ದಾನೆ. ಮಾರ್ಕ್ಸ್ ಎಲ್ಲ ಚೆನ್ನಾಗಿವೆ. ಎಚ್4 (ನನ್ನ ಕೆಲಸದ ವೀಸಾ ಜೊತೆ ಮನೆಯವರಿಗೆ ಕೊಡುವ) ವೀಸಾ, ಹಾಗಾಗಿ ಹೋಪ್ ಇಲ್ಲ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ನಂಥದ್ದು ಇರಬೇಕು. ಟಿಕೆಟ್ ಕೊಳ್ಳುವಾಗ ಮಾತ್ರ ಯಾರೂ ವೀಸಾ ಕೇಳಲ್ಲ. 18 ತುಂಬಿದರೆ ಆಯ್ತು.

ಬಾಸ್ಟನ್_ಬಸಣ್ಣ:
ವಿಠಲ ಅವರೇ, ನಿಮ್ಮ ಮಾತು ಹೊಟ್ಟೆಗೆ ತಾಗಿತು. ನಮ್ಮಲ್ಲಿ ಲಾಭ 351 ಊರುಗಳಿಗೆ ಹಂಚಿಹೋಗುತ್ತದೆ. ರಸ್ತೆ, ಶಾಲೆ, ಫೈರ್ ಸ್ಟೇಷನ್. ಅಲ್ಲೂ ಯಾವ ಊರು ಎಷ್ಟು ಟಿಕೆಟ್ ಕೊಂಡಿತು, ಯಾವ ಊರಿಗೆ ಎಷ್ಟು ಬಂತು ಅಂತ ಜಗಳ ಇದ್ದಿದ್ದೇ.

ಟೊರಾಂಟೊ_ಟೀಪುಡಿ:
ಇದೆಲ್ಲ ಇರಲಿ, ಟಿಕೆಟ್ ಕೆರೆಯದೆಯೇ ಗೆದ್ದದ್ದನ್ನು ಗುರುತಿಸಿದವರ ಕಥೆ ಗೊತ್ತಾ? ಮೋಹನ್ ಶ್ರೀವಾಸ್ತವ ಅಂತ, ನಮ್ಮ ಟೊರಾಂಟೊದವರು. ಗಣಿ ಕಂಪನಿಗಳಿಗೆ ಎಲ್ಲಿ ಚಿನ್ನ ಇದೆ ಅಂತ ಅಂಕಿಅಂಶ ಲೆಕ್ಕ ಹಾಕಿ ಕೊಡುವ ಕೆಲಸ. 2003ರಲ್ಲಿ ಒಂಟಾರಿಯೊದ ಟಿಕ್-ಟ್ಯಾಕ್-ಟೋ ಟಿಕೆಟ್ ನೋಡಿದರು. ಮೇಲೆ ಕಾಣುವಂತೆ ಅಚ್ಚಾಗಿರುವ ಅಂಕಿಗಳಲ್ಲಿ ಟಿಕೆಟ್ ತುಂಬಾ ಒಂದೇ ಸಲ ಬಂದವು ಯಾವುವು ಅಂತ ಗುರುತು ಹಾಕಿಕೊಂಡರು. ಅಂಥ ಮೂರು ಒಂದೇ ಸಾಲಿನಲ್ಲಿ ಇದ್ದರೆ ಅದು ಬಹುತೇಕ ಗೆಲ್ಲುವ ಟಿಕೆಟ್! ಕೆರೆಯದ 20 ಟಿಕೆಟ್ ತಗೊಂಡು, ಗೆಲ್ಲುವವು ಸೋಲುವವು ಅಂತ ಬೇರೆ ಮಾಡಿ ಲಾಟರಿಯವರಿಗೇ ಕೊರಿಯರ್ ಮಾಡಿದರು. 19 ಸರಿ ಇದ್ದವು. ಆ ಆಟವನ್ನು ಅಂಗಡಿಗಳಿಂದ ವಾಪಸ್ ತೆಗೆದರು.

ಬೆಂಗಳೂರು_ಬಾಬು:
ಸುಮ್ನೆ ತಾವೇ ಕೊಂಡು ಕೋಟ್ಯಧಿಪತಿ ಆಗಬಹುದಿತ್ತಲ್ಲ ಗುರು?

ಟೊರಾಂಟೊ_ಟೀಪುಡಿ:
ಅದನ್ನೂ ಲೆಕ್ಕ ಹಾಕಿದ್ದರು. ಊರೂರು ಅಂಗಡಿ ತಿರುಗಿ ಟಿಕೆಟ್ ಹುಡುಕಿದರೆ ದಿನಕ್ಕೆ 600 ಡಾಲರ್ ಆಗಬಹುದು. ತಮ್ಮ ಕೆಲಸದಲ್ಲೇ ಅದಕ್ಕಿಂತ ಚೆನ್ನಾಗಿ ಸಂಪಾದನೆ ಇತ್ತು, ಅದೂ ಬೇಜಾರಿಲ್ಲದೆ.

ಕೌಂಟರ್_ಗೌಡ:
ನಮ್ಮ ಅಂಗಡಿಗೆ ಬಂದು ಟಿಕೆಟ್ ಆರಿಸಿ ಕೊಡಿ ಅಂದರೆ ನಾನು ಕೊಡಲ್ಲ. ರೋಲ್‌ನಲ್ಲಿ ಮುಂದಿನದು ಯಾವುದೋ ಅದೇ. ಕೆಲವರು "ಡಬ್ಬಿ 14ರಲ್ಲಿ ಈಗ ಯಾವ ನಂಬರ್ ಇದೆ" ಅಂತ ಕೇಳುತ್ತಾರೆ. ಹಿಂದಿನವನು ಹತ್ತು ತಗೊಂಡು ಸೋತಿದ್ದರೆ ಹನ್ನೊಂದನೆಯದರಲ್ಲಿ ಇದ್ದೇ ಇರುತ್ತೆ ಅಂತ ನಂಬಿಕೆ.

ಕಾಸರಗೋಡಿನವ:
ನಮ್ಮ ಕಡೆಯದ್ದೂ ಸ್ವಲ್ಪ ಹೇಳುತ್ತೇನೆ. ಕೇರಳದಲ್ಲಿ ಕೆರೆಯುವ ಟಿಕೆಟ್ ಅಲ್ಲ, ಡ್ರಾ ಟಿಕೆಟ್. 1967ರಲ್ಲಿ ಸರ್ಕಾರವೇ ಶುರು ಮಾಡಿದ್ದು. ಅಲ್ಲೂ ಇದೇ ಕಥೆ, ಬೆಲೆ ಏರುತ್ತಲೇ ಹೋಗಿದೆ. ಮೊದಲು ಒಂದು ರೂಪಾಯಿ ಟಿಕೆಟ್, 50,000 ರೂಪಾಯಿ ಬಹುಮಾನ. 2022ರಲ್ಲಿ ಓಣಂ ಬಂಪರ್ ಟಿಕೆಟ್ 500 ರೂಪಾಯಿ, ಬಹುಮಾನ 25 ಕೋಟಿ. ಜನ ಗುಂಪುಗುಂಪಾಗಿ ದುಡ್ಡು ಹಾಕಿ ಕೊಂಡರು. ತಲಪಾಡಿ ದಾಟಿ ಮಂಗಳೂರು ಕಡೆಯವರೂ ಬರುತ್ತಾರೆ. 2024ರ ಓಣಂ ಬಂಪರ್ 25 ಕೋಟಿ ಹೋಗಿದ್ದು ಮಂಡ್ಯ ಜಿಲ್ಲೆಯವರಿಗೇ. ಈಗ 2025ರ ಸೆಪ್ಟೆಂಬರ್‌ನಿಂದ ಲಾಟರಿ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿದೆ. ಬೀದಿಯಲ್ಲಿ ನಡೆದು ಮಾರುವವರಿಗೆ ಅದರ ಬಿಸಿ ಚೆನ್ನಾಗಿ ತಟ್ಟಿದೆ.

ಹುಬ್ಬಳ್ಳಿ_ಹುಡುಗ:
ಮಂಡ್ಯದವರಿಗೆ ಬಂದಿದ್ದು ಪೇಪರ್‌ನ್ಯಾಗ ಬಂತು. ಬರದವರದ್ದು ಬರಲಿಲ್ಲ.

ಬೆಂಗಳೂರು_ಬಾಬು:
ನಮ್ಮಲ್ಲಿ 2007ರಲ್ಲೇ ಲಾಟರಿ ನಿಂತಿತು, ಕುಮಾರಸ್ವಾಮಿ ಸರ್ಕಾರ ಇದ್ದಾಗ. ಅದಕ್ಕೂ ಮುಂಚಿನ ಒಂದಂಕಿ ಲಾಟರಿ ಕಾಲ ನೆನಪಿದೆಯಾ? ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುವುದು, ಆಟೋದವರು ಅಲ್ಲೇ ಗುಂಪು ಕಟ್ಟಿಕೊಂಡು ನಿಂತಿರುವುದು. ಗಂಟೆಗೊಂದು ಫಲಿತಾಂಶ, ಗಂಟೆಗೊಂದು ಮನೆ ಹಾಳು. 1998ರಲ್ಲಿ ಕೇಂದ್ರದ ಕಾನೂನು ಬಂದು ಒಂದಂಕಿಗೆ ಬಹುಮಾನ ಕೊಡಬಾರದು ಅಂದಿತು.

ಈಗ ನಮಗೆ ಕೆರೆಯಲು ಉಳಿದಿರುವುದು ಗೂಗಲ್ ಪೇ ಕಾರ್ಡ್ ಒಂದೇ. ಕೆರೆದರೆ ಯಾವುದೋ ಫೇಸ್‌ವಾಶ್‌ನ ಕೂಪನ್.

ಚೆನ್ನೈ_ಕನ್ನಡಿಗ:
ನಮಗೆ ಅದೂ ಇಲ್ಲ. ತಮಿಳುನಾಡಿನಲ್ಲಿ ಬಹುಮಾನ ಯೋಜನೆ ನಿಷೇಧ ಕಾನೂನು 1979ರಿಂದ ಇದೆ. ಅದಕ್ಕೇ ಗೂಗಲ್ ಪೇ ಇಲ್ಲಿ ಸ್ಕ್ರ್ಯಾಚ್ ಕಾರ್ಡ್ ಕೊಡಲ್ಲ.

ಸುಮ್ನೆ_ಓದುಗ:
ಫೇಸ್‌ವಾಶ್ ಕೂಪನ್‌ನಿಂದ ಬಚಾವಾದಿರಿ ಬಿಡಿ.

ಶಿರಸಿ_ಶಾಂತಕ್ಕ:
ಕೆರೆಯುವ ಕಾರ್ಡ್ ಅಂದ ಕೂಡಲೇ ನೆನಪಾಯಿತು. ನಮ್ಮೂರಿನಲ್ಲಿ ಪಕ್ಕದ ಮನೆಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಒಂದು ಕವರ್ ಬಂತು. ಯಾವುದೋ ಆನ್‌ಲೈನ್ ಅಂಗಡಿಯ ಹೆಸರು, ಒಳಗೆ ಬೆಳ್ಳಿ ಬಣ್ಣದ ಸ್ಕ್ರ್ಯಾಚ್ ಕಾರ್ಡ್. ಕೆರೆದರೆ ಕಾರು! ಫೋನ್ ಮಾಡಿದರೆ ಅಚ್ಚ ಕನ್ನಡದಲ್ಲೇ ಮಾತು, "ಟ್ಯಾಕ್ಸ್ ಮೊದಲು ಕಟ್ಟಿ ಅಕ್ಕ". ಅವರ ಮಗ ಬಂದು ತಡೆದದ್ದು ಪುಣ್ಯ. ಇಲ್ಲಿ ಓದುವ ಹುಡುಗರೆಲ್ಲ ಊರಿನ ಅಪ್ಪ ಅಮ್ಮಂಗೆ ಒಂದು ಮಾತು ಹೇಳಿಟ್ಟಿರಿ. ನಿಜವಾದ ಬಹುಮಾನಕ್ಕೆ ಯಾರೂ ಮುಂಗಡ ಟ್ಯಾಕ್ಸ್ ಫೋನಲ್ಲಿ ಕೇಳಲ್ಲ.

ಡಾಲಸ್_ತಿಮ್ಮ:
ಗೌಡರ ಪ್ರಶ್ನೆ ಎಲ್ಲೋ ಕಳೆದೇ ಹೋಯಿತು. ಕಳ್ಳತನದ ಲೆಕ್ಕ ನಾನು ಹೇಳುತ್ತೇನೆ. 30 ಡಾಲರ್ ಟಿಕೆಟ್ ಮಾರಿದರೆ ನಿಮಗೆ 1.80. ಒಂದು ಟಿಕೆಟ್ ಹೋದರೆ ಲಾಟರಿಗೆ ನೀವು ಕಟ್ಟಬೇಕಾದ್ದು 28.20. ಅಂದರೆ ಒಂದು ಟಿಕೆಟ್ ತುಂಬಿಕೊಳ್ಳಲು 16 ಟಿಕೆಟ್ ಮಾರಬೇಕು.

ಗಣಿತದ_ಮೇಷ್ಟ್ರು:
ತಿಮ್ಮ, ಒಂದು ಡಾಲರ್ ಟಿಕೆಟ್‌ಗೂ ಅದೇ 16. ಶೇಕಡಾ ಒಂದೇ ಅಲ್ವಾ.

ಡಾಲಸ್_ತಿಮ್ಮ:
ಸರಿ ಮೇಷ್ಟ್ರೇ, ಆದರೆ ಕಳ್ಳ ಒಂದು ಡಾಲರ್‌ನದ್ದಕ್ಕೆ ಯಾಕೆ ಕೈ ಹಾಕುತ್ತಾನೆ?

ಬಾಸ್ಟನ್_ಬಸಣ್ಣ:
ಕಳ್ಳ ಹೊರಗಿನವನೇ ಆಗಬೇಕಿಲ್ಲ. ಕೌಂಟರ್ ಒಳಗಿನವನೇ ಸೂಜಿಮೊನೆಯಲ್ಲಿ ಲೇಪನ ಸ್ವಲ್ಪ ಕೆರೆದು ನೋಡಿ, ಗೆದ್ದದ್ದನ್ನು ತಾನಿಟ್ಟುಕೊಂಡು ಸೋತದ್ದನ್ನು ಮಾರಿದ ಪ್ರಕರಣಗಳು ಎಷ್ಟೋ ರಾಜ್ಯಗಳಲ್ಲಿ ಆಗಿವೆ.

ನಾವು ಮಾಡುವುದು ಹೀಗೆ. ಶಿಫ್ಟ್ ಬದಲಾಗುವಾಗ ಪ್ರತಿ ಡಬ್ಬಿಯಲ್ಲಿ ಹೊರಗೆ ಇಣುಕುವ ಟಿಕೆಟ್‌ನ ನಂಬರ್ ಬರೆದುಕೊಳ್ಳುತ್ತೇವೆ. ಬೆಳಿಗ್ಗೆ 007, ರಾತ್ರಿ 019 ಅಂದರೆ 12 ಹೋಗಿವೆ. ಗಲ್ಲಾದಲ್ಲಿ 12ರ ದುಡ್ಡು ಇರಬೇಕು. ಇಬ್ಬರೂ ಸಹಿ ಹಾಕಬೇಕು, ಹೋಗುವವರು ಮತ್ತು ಬರುವವರು. ಪ್ಯಾಕ್ ಡಬ್ಬಿಗೆ ಹಾಕುವ ಹೊತ್ತಿಗಷ್ಟೇ ಆ್ಯಕ್ಟಿವೇಟ್ ಮಾಡಿ, ಹಿಂದಿನ ದಿನವೇ ಮಾಡಿಡಬೇಡಿ. ಆ್ಯಕ್ಟಿವೇಟ್ ಆಗದ ಪ್ಯಾಕ್ ಕದ್ದರೆ ಅದು ಬರೀ ಕಾಗದ, ಗೆದ್ದ ಟಿಕೆಟ್‌ಗೂ ದುಡ್ಡು ಸಿಗಲ್ಲ. ಇನ್ನೊಂದು ವಿಷಯ, ಕ್ರೆಡಿಟ್ ಕಾರ್ಡ್‌ಗೆ ಟಿಕೆಟ್ ಕೊಡಲೇಬೇಡಿ. ಕಾರ್ಡ್‌ನವರು ಎರಡು ಮೂರು ಪರ್ಸೆಂಟ್ ತಗೊಂಡರೆ ನಿಮ್ಮ ಆರರಲ್ಲಿ ಅರ್ಧ ಅಲ್ಲೇ ಹೋಯಿತು.

ನ್ಯೂಜೆರ್ಸಿ_ನಾಗವೇಣಿ:
ಮೇಲಿನ ಬಹುಮಾನ ಮುಗಿದ ಟಿಕೆಟ್‌ಗಳನ್ನೂ ನೋಡಿಕೊಳ್ಳಿ ಗೌಡರೇ. ವರ್ಜೀನಿಯಾದಲ್ಲಿ 2008ರಲ್ಲಿ ಒಬ್ಬ ಪ್ರೊಫೆಸರ್ ಕೇಸ್ ಹಾಕಿದ್ದರು, ದೊಡ್ಡ ಬಹುಮಾನ ಯಾರೋ ತಗೊಂಡು ಹೋದ ಮೇಲೂ ಅದೇ ಟಿಕೆಟ್ ಮಾರುತ್ತಿದ್ದಾರೆ ಅಂತ. ಈಗ ಯಾವ ಆಟದಲ್ಲಿ ಎಷ್ಟು ಬಹುಮಾನ ಉಳಿದಿದೆ ಅಂತ ಲಾಟರಿ ವೆಬ್‌ಸೈಟ್‌ಗಳಲ್ಲಿ ಹಾಕಿರುತ್ತಾರೆ. ಕೊಳ್ಳುವವರು ನೋಡಲ್ಲ, ಮಾರುವವರಾದರೂ ನೋಡಬೇಕು.

ಮರಿಯೆಟ್ಟಾ_ಮಲ್ಲಿಕಾರ್ಜುನ:
ನಮ್ಮದೂ ಜಾರ್ಜಿಯಾದಲ್ಲೇ ಅಂಗಡಿ. ಕೋವಿಡ್ ಹೊತ್ತಿನಲ್ಲಿ ಸ್ಕ್ರ್ಯಾಚ್ ಹುಚ್ಚಾಪಟ್ಟೆ ಓಡಿತು. ಎಲ್ಲ ಕಡೆ ಬಾಗಿಲು ಮುಚ್ಚಿತ್ತು, ಸರ್ಕಾರದ ಚೆಕ್ ಕೈಯಲ್ಲಿತ್ತು. ಆ ಓಟ ಈಗಿಲ್ಲ. ಟಿಕೆಟ್ ಸಂಖ್ಯೆ ನೋಡಿದರೆ ಮೊದಲಿಗಿಂತ ಕಮ್ಮಿ ಹರಿಯುತ್ತೇವೆ, ಡಾಲರ್ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಬೆಲೆ ಏರಿಸಿಯೇ ವ್ಯಾಪಾರ ಎತ್ತಿ ಹಿಡಿದಿದ್ದಾರೆ. ಹೊಸಬರು ಬರುತ್ತಿಲ್ಲ. ಇಪ್ಪತ್ತರ ಹರೆಯದವರು ಫೋನಲ್ಲೇ ಆಡುತ್ತಾರೆ. ಜಾರ್ಜಿಯಾ, ಮಿಷಿಗನ್‌ನಂಥ ಕಡೆ ಲಾಟರಿಯವರೇ ಫೋನಲ್ಲಿ ಬೆರಳಿಂದ ಕೆರೆಯುವ ಟಿಕೆಟ್ ಮಾರುತ್ತಾರಲ್ಲ. ಅದರಲ್ಲಿ ನಮಗೆ ನಯಾಪೈಸೆ ಇಲ್ಲ. ನಾವು ಕೌಂಟರ್‌ನಲ್ಲಿ ಅವರ ಪೋಸ್ಟರ್ ಅಂಟಿಸಿ ಗಿರಾಕಿಯನ್ನು ಅವರ ಆ್ಯಪ್‌ಗೆ ಕಳಿಸುತ್ತಿದ್ದೇವೆ.

ವೀಸಾ_ವಿಠಲ:
ಮಲ್ಲಣ್ಣ, ಮೂಲೆಯಲ್ಲಿರುವ ನಾಣ್ಯದ ಗೇಮ್ ಮೆಷಿನ್ ಹೇಗೆ?

ಮರಿಯೆಟ್ಟಾ_ಮಲ್ಲಿಕಾರ್ಜುನ:
ಅವು 2013ರಿಂದ ಲಾಟರಿಯವರ ಕೈಕೆಳಗೇ ಇವೆ. ಗೆದ್ದವರಿಗೆ ನೋಟು ಎಣಿಸಿ ಕೊಟ್ಟರೆ ಅಪರಾಧ. ಹಾಗೆ ಕೊಟ್ಟು ಅಂಗಡಿಯವರು ಅರೆಸ್ಟ್ ಆಗಿದ್ದಾರೆ, ಲೈಸೆನ್ಸ್ ಕಳೆದುಕೊಂಡಿದ್ದಾರೆ. ಗೌಡರೇ, ಅದರ ತಂಟೆಗೆ ಹೋದರೆ ವಕೀಲರನ್ನು ಕೇಳಿಯೇ ಹೋಗಿ.

ಕೌಂಟರ್_ಗೌಡ:
ಎಲ್ಲ ಓದಿದೆ, ಎಲ್ಲರಿಗೂ ಥ್ಯಾಂಕ್ಸ್. ಭಾವನ ಜೊತೆ ಕೂತು ಮಾತಾಡಿದೆ. 40 ಬೇಡ, 32 ಡಬ್ಬಿ ಇರಲಿ ಅಂತ ಆಗಿದೆ. 30 ಡಾಲರ್‌ನದ್ದು ಎರಡೇ, ಅವು ನನ್ನ ಕೈಯಳತೆಯಲ್ಲಿ, ಗಿರಾಕಿಯ ಕಡೆಯಿಂದ ದೂರ. ಒಂದು ಡಾಲರ್‌ನವು ಕಣ್ಣೆದುರೇ ಇರುತ್ತವೆ, ರೆಪ್ ಏನಾದರೂ ಅಂದುಕೊಳ್ಳಲಿ. ಕಾಫಿ ಜೊತೆ ಒಂದು ಡಾಲರ್‌ನದ್ದು ತಗೊಂಡು ನಕ್ಕು ಹೋಗುವ ಅಜ್ಜಿಯರು ಇದ್ದಾರೆ, ಅವರು ನನಗೆ ಬೇಕು. ಒಬ್ಬರು ಮಾತ್ರ ಸಂಬಳದ ದಿನ ಬಂದು ಒಂದಾದ ಮೇಲೊಂದು 20ರದ್ದು ತಗೊಂಡು ಕಾರಲ್ಲಿ ಕೂತು ಕೆರೆಯುತ್ತಾರೆ. ಅವರಿಗೆ ಏನು ಹೇಳುವುದು ಅಂತ ಗೊತ್ತಾಗುತ್ತಿಲ್ಲ.

ಗಣಿತದ_ಮೇಷ್ಟ್ರು:
ಟಿಕೆಟ್ ಹಿಂದೆ ಜೂಜಿನ ಚಟಕ್ಕೆ ಸಹಾಯವಾಣಿ ನಂಬರ್ ಇರುತ್ತದೆ. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಗಲ್ಲಾ ಪಕ್ಕ ಅಂಟಿಸಿ. ಬುದ್ಧಿ ಹೇಳಲು ಹೋಗಬೇಡಿ, ಎದುರಿನ ಅಂಗಡಿಗೆ ಹೋಗುತ್ತಾರೆ ಅಷ್ಟೇ.

ಹುಬ್ಬಳ್ಳಿ_ಹುಡುಗ:
ಎದುರಿನ ಅಂಗಡಿಗೆ ಹೋದ್ರ ಹೋಗಲಿ ಬಿಡ್ರಿ ಮೇಷ್ಟ್ರ. ಒಂದ್ ಮಾತು ಕೇಳಿದ್ರ ಏನ್ ಕಳಕೊಂಡ್ರು? ಚಹಾ ಕೊಟ್ಟು ಮಾತಾಡಸ್ರಿ ಗೌಡ್ರ.

ಮರಿಯೆಟ್ಟಾ_ಮಲ್ಲಿಕಾರ್ಜುನ:
ಗೌಡರೇ, ಕ್ರಿಸ್‌ಮಸ್ ಟಿಕೆಟ್‌ಗೆ ಎಷ್ಟು ಪ್ಯಾಕ್ ಹೇಳಿದ್ದೀರಿ? ಸಾಂತಾ ಚಿತ್ರದ್ದು 25ನೇ ತಾರೀಖು ದಾಟಿದರೆ ಯಾರೂ ಮುಟ್ಟಲ್ಲ.

ಕೌಂಟರ್_ಗೌಡ:
ಭಾವ ಆಗಲೇ ಜಾಸ್ತಿ ಹೇಳಿಬಿಟ್ಟಿದ್ದಾರೆ. ವಾಪಸ್ ತಗೋತಾರಾ?

ಮರಿಯೆಟ್ಟಾ_ಮಲ್ಲಿಕಾರ್ಜುನ:
ತೆರೆಯದ ಪ್ಯಾಕ್ ಆದರೆ ರೆಪ್‌ಗೆ ಈಗಲೇ ಫೋನ್ ಮಾಡಿ ಕೇಳಿ. ಉಡುಗೊರೆಗೆ ಅಂತ ಕೊಳ್ಳುವವರಿಗೆ 2 ಮತ್ತು 5ರದ್ದು ಸಾಕು, 20ರ ಸಾಂತಾ ಕಮ್ಮಿ ಇಡಿ. ಮಕ್ಕಳ ಕೈಗೆ ಕೊಡಬೇಡಿ ಅಂತ ಒಂದು ಚೀಟಿನೂ ಹಾಕಿ.